ತನ್ನ ನೆಲೆಯನ್ನು ಬಲ್ಲ ಮೋಟಾರು

(ಬಾನುಲಿ ಭಾಷಣ)

‘ಮೋಟಾರು’ ಎಂಬ ಶಬ್ದ ನಮ್ಮ ಸೀಮೆಯಲ್ಲಿ ತಲೆಮಾರಿಗೊಮ್ಮೆ ಅರ್ಥ ಬದಲಿಸಿಕೊಂಡು ಬಂದಿದೆ. ನಮ್ಮ ಹಿರಿಯರ ಬಾಯಲ್ಲಿ ಮೋಟಾರು ಎಂದರೆ ಬಸ್ಸು. ಖಾನಾಪುರದಿಂದ ನಂದಗಡಕ್ಕೆ, ಬೀಡಿಗೆ ಹೋಗುವ ಮೋಟಾರು. ಸಂತೆಯ ದಿನ ಕಾಲಿಡಲು ಎಡೆಯಿಲ್ಲದ ಮೋಟಾರು. ಅದು ತಪ್ಪಿತೆಂದರೆ ಅಂದಿನ ಕೆಲಸವೇ ತಪ್ಪಿದ ಹಾಗೆ. ಆಮೇಲೆ ಹೊಲಗದ್ದೆಗಳಿಗೆ ವಿದ್ಯುತ್ತಿನ ತಂತಿ ಬಂದಿತು. ಬಾವಿಯ ದಂಡೆಯ ಮೇಲೆ ಕುಳಿತು ನೀರೆತ್ತುವ ಯಂತ್ರ ಮೋಟಾರಾಯಿತು. ಇಂದು ಆ ಶಬ್ದಕ್ಕೆ ಇಂಥದೇ ಮನೆ ಎಂದು ಹೇಳುವಂತಿಲ್ಲ. ಮಕ್ಕಳ ಆಟಿಗೆಯ ಕಾರಿನಲ್ಲಿ ಒಂದು, ಹಳೆಯ ಟೇಪ್ ರೆಕಾರ್ಡರಿನಲ್ಲಿ ಒಂದು, ಸಿ.ಡಿ. ತಟ್ಟೆಯನ್ನು ತಿರುಗಿಸುವ ಪೆಟ್ಟಿಗೆಯಲ್ಲಿ ಎರಡು ಮೂರು, ಕಾಗದ ನುಂಗಿ ಉಗುಳುವ ಪ್ರಿಂಟರಿನಲ್ಲಿ ಮತ್ತೆರಡು, ಜೀಪಿನ ಮುಂದಿನ ಗಾಜನ್ನು ಮಳೆಯಲ್ಲಿ ಒರೆಸುವ ಕೈಯ ಹಿಂದೆ ಒಂದು. ಗುಂಡಿಗಳಿದ್ದ ಹಳೆಯ ಫೋನು ಜೇಬಿನಲ್ಲಿ ಗುರುಗುಟ್ಟುತ್ತಿದ್ದುದೂ ಕಡಲೆಕಾಳಿನಷ್ಟು ಗಾತ್ರದ ಮೋಟಾರಿನಿಂದಲೇ. ಇವೆಲ್ಲವೂ ಏಕಮುಖ ವಿದ್ಯುತ್ತಿನಿಂದ, ಅಂದರೆ ಬ್ಯಾಟರಿಯ ವಿದ್ಯುತ್ತಿನಂಥದರಿಂದ ತಿರುಗುವ ಡಿ.ಸಿ. ಮೋಟಾರುಗಳು.

ಇವುಗಳನ್ನು ಹೊತ್ತ ಯಂತ್ರಗಳಿಗೆ ಬೇಗನೆ ಮುಪ್ಪು ಬರುತ್ತದೆ. ಮಸಿ ಚಿಮ್ಮುವ ತಲೆ ಕಟ್ಟಿಕೊಂಡಿತೆಂದು ಇಡಿಯ ಪ್ರಿಂಟರನ್ನು ಹೊರಗಿಡುತ್ತೇವೆ. ಕ್ಯಾಸೆಟ್ಟುಗಳ ಕಾಲ ಮುಗಿಯಿತೆಂದು ಟೇಪ್ ರೆಕಾರ್ಡರನ್ನು ಅಟ್ಟಕ್ಕೇರಿಸುತ್ತೇವೆ. ಒಳಗಿನ ಮೋಟಾರು ಮಾತ್ರ ಇನ್ನೂ ವರುಷಗಟ್ಟಲೆ ದುಡಿಯುವ ಕಸುವಿನಲ್ಲಿಯೇ ಇರುತ್ತದೆ. ಕೊನೆಗೊಂದು ದಿನ ಎಲ್ಲವೂ ಗುಜರಿಗೆ, ನಮ್ಮ ಕಡೆಯ ಮಾತಿನಲ್ಲಿ ಮೋಡಕಾ ಅಂಗಡಿಗೆ ಹೋಗುತ್ತವೆ. ಅಲ್ಲಿಯ ತಕ್ಕಡಿ ನಿಷ್ಪಕ್ಷಪಾತಿಯಾದುದು. ಅದಕ್ಕೆ ತೂಕ ಗೊತ್ತು, ರಚನೆ ಗೊತ್ತಿಲ್ಲ. ಮುರಿದ ಕುಡುಗೋಲು ಮತ್ತು ಮುರಿಯದ ಮೋಟಾರು ಅದರ ಮುಂದೆ ಒಂದೇ ದರದ ಕಬ್ಬಿಣ. ಕವಚವನ್ನು ಒಡೆದು, ಸುರುಳಿಯನ್ನು ಬಿಚ್ಚಿ ಕೆಲವು ಗ್ರಾಂ ತಾಮ್ರ ಬೇರ್ಪಡಿಸಿದರೆ ಅದರ ಕತೆ ಮುಗಿಯಿತು.

ಈ ಮೋಟಾರುಗಳನ್ನು ತಕ್ಕಡಿಗೆ ಹಾಕುವ ಮುನ್ನ ‘ಸರ್ವೋ’ ಎಂಬ ವಿಶೇಷ ಜಾತಿಯ ಮೋಟಾರುಗಳನ್ನಾಗಿ ಮಾರ್ಪಡಿಸಬಹುದು. ಹವ್ಯಾಸಕ್ಕಾಗಿ ಯಂತ್ರ ಕಟ್ಟುವ ಯುವಕರೂ ಶಾಲೆಯ ಮಕ್ಕಳೂ ಮನೆಯಲ್ಲಿಯೇ ಮಾಡಬಹುದಾದ ಕೆಲಸ ಅದು. ಸಾಹಿತ್ಯದಲ್ಲಿ ಆಸಕ್ತಿಯಿರುವವರಿಗೆ ಈ ವಿಷಯ ಒಣಗಿದ್ದೆನಿಸೀತು. ಆದರೆ ಇದರ ನಡುವೆ ಇರುವುದು ಒಂದು ಹಳೆಯ ಪ್ರಶ್ನೆಯೇ: ಕೇವಲ ಚಲಿಸುವುದಕ್ಕೂ, ತಾನು ಎಲ್ಲಿದ್ದೇನೆಂದು ತಿಳಿದು ಚಲಿಸುವುದಕ್ಕೂ ಏನು ಅಂತರ?

ಎಣ್ಣೆಯ ಗಾಣವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಗಾಣದ ಎತ್ತಿಗೆ ಕಣ್ಣು ಕಟ್ಟುತ್ತಾರೆ. ಅದು ಸುತ್ತುತ್ತದೆ, ದಿನವಿಡೀ ಸುತ್ತುತ್ತದೆ; ಆದರೆ ತಾನು ಈಗ ಗಾಣದ ಮೂಡಲಿಗಿದ್ದೇನೋ ಪಡುವಲಿಗಿದ್ದೇನೋ ಅದಕ್ಕೆ ತಿಳಿಯದು. ಸಾಮಾನ್ಯ ಡಿ.ಸಿ. ಮೋಟಾರು ಇಂಥ ಎತ್ತು. ಎರಡು ತಂತಿಗಳಲ್ಲಿ ವಿದ್ಯುತ್ತು ಹರಿಸಿದರೆ ತಿರುಗುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಹಿಮ್ಮುಖವಾಗಿ ತಿರುಗುತ್ತದೆ. ನಿಲ್ಲಿಸಿದರೆ ತನಗೆ ತೋಚಿದಲ್ಲಿ ನಿಲ್ಲುತ್ತದೆ. ‘ಕಾಲು ಸುತ್ತು ತಿರುಗಿ ಅಲ್ಲಿಯೇ ನಿಲ್ಲು, ಯಾರಾದರೂ ತಳ್ಳಿದರೆ ಮತ್ತೆ ಅಲ್ಲಿಗೇ ಬಾ’ ಎಂಬ ಅಪ್ಪಣೆಯನ್ನು ಅದು ಪಾಲಿಸಲಾರದು. ಬಲವಿಲ್ಲದೆ ಅಲ್ಲ, ಕಣ್ಣಿಲ್ಲದೆ.

ಇದಕ್ಕೆ ಎದುರಾಗಿ ಖಾನಾಪುರದ ಕುಂಬಾರನನ್ನು ನೋಡಿ. ಈ ತಾಲ್ಲೂಕಿನ ಜೇಡಿಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಕೋಲಿನಿಂದ ತಿರುವಿ ಬಿಟ್ಟ ತಿಗರಿ ಮೊದಲು ರಭಸದಿಂದ ಸುತ್ತುತ್ತದೆ. ಬೆರಳು ಮಣ್ಣನ್ನು ಒತ್ತಿದಂತೆ ವೇಗ ಕುಗ್ಗುತ್ತದೆ. ಕುಂಬಾರ ಗಡಿಯಾರ ನೋಡುವುದಿಲ್ಲ; ಅಂಗೈಯ ಕೆಳಗೆ ಜಾರುವ ಹಸಿಮಣ್ಣೇ ಅವನಿಗೆ ಸುದ್ದಿ ಹೇಳುತ್ತದೆ. ವೇಗ ಸಾಲದಾಯಿತೆಂದು ತೋರಿದ ಕ್ಷಣ ಕೋಲು ಮತ್ತೆ ಚಕ್ರಕ್ಕೆ ಬೀಳುತ್ತದೆ. ಬೇಕಾದ ವೇಗ ಒಂದು, ಇರುವ ವೇಗ ಇನ್ನೊಂದು, ಅವೆರಡರ ಅಂತರವನ್ನು ಅರಿತು ಅದನ್ನು ಕುಗ್ಗಿಸುವ ಕೈ ಮೂರನೆಯದು. ಯಂತ್ರಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳು ‘ಫೀಡ್‌ಬ್ಯಾಕ್’ ಎಂದೂ ನಮ್ಮ ಪಠ್ಯಪುಸ್ತಕಗಳು ‘ಹಿಮ್ಮಾಹಿತಿ’ ಎಂದೂ ಕರೆಯುವುದು ಇದನ್ನೇ. ಕೆಲಸ ಮಾಡುವ ಕಡೆಯಿಂದ ಅಪ್ಪಣೆ ಕೊಡುವ ಕಡೆಗೆ ಹಿಂದಿರುಗಿ ಬರುವ ಸುದ್ದಿ ಅದು.

ಸರ್ವೋ ಎಂಬ ಹೆಸರಿನ ಹುಟ್ಟು ಸ್ವಾರಸ್ಯವಾದುದು. ಫ್ರಾನ್ಸಿನ ಇಂಜಿನಿಯರ್ ಝೋಸೆಫ್ ಫಾರ್ಕೊ ಹಡಗಿನ ಭಾರವಾದ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ಯಂತ್ರವನ್ನು ರಚಿಸಿ, ೧೮೭೩ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ನಾವಿಕ ಕೈಯಲ್ಲಿಯ ಸಣ್ಣ ಹಿಡಿಯನ್ನು ಎಷ್ಟು ತಿರುಗಿಸುತ್ತಾನೋ ಹಿಂದೆ ನೀರಿನಲ್ಲಿ ಮುಳುಗಿದ ಚುಕ್ಕಾಣಿಯೂ ಅಷ್ಟೇ ತಿರುಗಿ ನಿಲ್ಲಬೇಕು, ಇದು ಅವನ ಗುರಿ. ಆ ಯಂತ್ರಕ್ಕೆ ‘ಸರ್ವೋ ಮೋಟಾರು’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಸೆರ್ವುಸ್’ ಎಂದರೆ ದಾಸ. ಗುಲಾಮ ಎಂಬ ಅರ್ಥವೂ ಅದಕ್ಕಿದೆ. ನನಗೆ ಕನ್ನಡದ ‘ಊಳಿಗ’ ಎಂಬ ಮಾತು ಹೆಚ್ಚು ಒಪ್ಪುತ್ತದೆ. ಗುಲಾಮ ಹೇಳಿದ್ದನ್ನು ಮಾಡುತ್ತಾನೆ, ಅಷ್ಟೆ. ಒಳ್ಳೆಯ ಊಳಿಗದವನು ಮಾಡಿದ ಮೇಲೆ ಬಂದು ‘ಇಷ್ಟಾಯಿತು, ಇಷ್ಟು ಉಳಿಯಿತು’ ಎಂದು ವರದಿಯನ್ನೂ ಒಪ್ಪಿಸುತ್ತಾನೆ. ಸರ್ವೋದ ಮರ್ಮವೆಲ್ಲ ಆ ವರದಿಯಲ್ಲಿದೆ.

ಈ ಶಾಸ್ತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಹಡಗಿನ ಚುಕ್ಕಾಣಿಯೇ ಎದುರಾಗುವುದು ಸೋಜಿಗ. ೧೯೨೨ರಲ್ಲಿ ನಿಕೊಲಸ್ ಮಿನೋರ್ಸ್ಕಿ ಎಂಬಾತ, ಅನುಭವಿಗಳಾದ ಚುಕ್ಕಾಣಿಗರು ಹಡಗನ್ನು ಹೇಗೆ ನಡೆಸುತ್ತಾರೆಂಬುದನ್ನು ಗಮನಿಸಿ, ಅವರ ಕೈಯ ಜಾಣತನವನ್ನು ಗಣಿತದ ಸಮೀಕರಣಕ್ಕೆ ಇಳಿಸಿದ. ೧೯೪೮ರಲ್ಲಿ ನಾರ್ಬರ್ಟ್ ವೀನರ್ ಯಂತ್ರಗಳಲ್ಲಿಯೂ ಪ್ರಾಣಿಗಳಲ್ಲಿಯೂ ಸಮಾನವಾಗಿರುವ ಈ ನಿಯಂತ್ರಣದ ವಿದ್ಯೆಗೆ ‘ಸೈಬರ್ನೆಟಿಕ್ಸ್’ ಎಂದು ನಾಮಕರಣ ಮಾಡಿದ. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಚುಕ್ಕಾಣಿಗ ಎಂದೇ ಅರ್ಥ. ನಮ್ಮ ಅಂಬಿಗರನ್ನು ಯಾರೂ ಹೀಗೆ ಕುಳಿತು ಅಳೆಯಲಿಲ್ಲ, ಅದು ಬೇರೆ ಮಾತು.

ಇನ್ನು ಕೆಲಸಕ್ಕೆ ಬರೋಣ. ಮೋಟಾರಿಗೆ ಕಣ್ಣು ಕೊಡುವುದು ಹೇಗೆ? ಇದಕ್ಕೆ ಬೇಕಾದ ಮುಖ್ಯ ಭಾಗ ನಿಮ್ಮ ಹಳೆಯ ರೇಡಿಯೋದಲ್ಲಿಯೇ ಇದೆ. ದನಿಯನ್ನು ಏರಿಸಿ ಇಳಿಸುವ ಗುಂಡಿಯ ಹಿಂದೆ ಬಳೆಯಂತೆ ಬಾಗಿದ ಒಂದು ಪಟ್ಟಿಯೂ ಅದರ ಮೇಲೆ ಜಾರುವ ಒಂದು ನಾಲಗೆಯೂ ಇರುತ್ತವೆ. ಪಟ್ಟಿಯ ಎರಡು ತುದಿಗಳಿಗೆ ೫ ವೋಲ್ಟ್ ಕೊಟ್ಟರೆ, ನಾಲಗೆ ನಿಂತ ಸ್ಥಾನಕ್ಕೆ ತಕ್ಕಂತೆ ಸೊನ್ನೆಯಿಂದ ಐದರ ನಡುವಿನ ಒಂದು ವೋಲ್ಟೇಜು ದೊರೆಯುತ್ತದೆ. ಕೋನವೇ ವೋಲ್ಟೇಜಾಗಿ ಮಾತನಾಡಿದ ಹಾಗಾಯಿತು. ಈ ಗುಂಡಿಯ ಕಡ್ಡಿಯನ್ನು ಮೋಟಾರಿನ ಹಲ್ಲುಗಾಲಿಗಳ ಕೊನೆಯ ಅಚ್ಚಿಗೆ ಜೋಡಿಸಿದರೆ, ಅಚ್ಚು ಎಷ್ಟು ತಿರುಗಿದೆಯೆಂಬ ಸುದ್ದಿ ಕ್ಷಣಕ್ಷಣಕ್ಕೂ ನಮಗೆ ಬರುತ್ತಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಿವಿ ದನಿಯ ಏರಿಕೆಯನ್ನು ಸಮಸಮವಾಗಿ ಗ್ರಹಿಸುವುದಿಲ್ಲ. ಅದಕ್ಕೆ ಹೊಂದುವಂತೆ ರೇಡಿಯೋದ ದನಿಯ ಗುಂಡಿಯ ಪಟ್ಟಿಯನ್ನೂ ಒಂದು ಬದಿಗೆ ನಿಧಾನವಾಗಿ, ಇನ್ನೊಂದು ಬದಿಗೆ ಒಮ್ಮೆಲೇ ಏರುವಂತೆ ಮಾಡಿರುವುದು ವಾಡಿಕೆ. ಸರ್ವೋಕ್ಕೆ ಬೇಕಾದುದು ಸಮವಾಗಿ ಏರುವ ಗುಂಡಿ. ಕಡ್ಡಿಯನ್ನು ನಟ್ಟನಡುವೆ ನಿಲ್ಲಿಸಿ ಮೀಟರಿನಿಂದ ಅಳೆದರೆ ಎರಡು ಬದಿಯ ರೋಧವೂ ಸಮವಾಗಿರಬೇಕು. ಇಲ್ಲವಾದರೆ ಬೇರೊಂದನ್ನು ಹುಡುಕುವುದು ಲೇಸು. ಐದು ಇಲ್ಲವೆ ಹತ್ತು ಸಾವಿರ ಓಮ್‌ನ ಗುಂಡಿ ಸಾಕು.

ಹಲ್ಲುಗಾಲಿಗಳು ಏಕೆ ಬೇಕು ಎಂದು ಕೇಳಬಹುದು. ಬರಿಯ ಮೋಟಾರು ನಿಮಿಷಕ್ಕೆ ಐದಾರು ಸಾವಿರ ಸುತ್ತು ಸುತ್ತುತ್ತದೆ, ಆದರೆ ಬೆರಳಿನಿಂದ ಹಿಡಿದರೆ ನಿಂತುಬಿಡುತ್ತದೆ. ವೇಗವಿದೆ, ಬಲವಿಲ್ಲ. ೫,೦೦೦ ಸುತ್ತಿನ ಮೋಟಾರಿಗೆ ೨೫೦ಕ್ಕೆ ೧ರಂತೆ ಇಳಿಸುವ ಹಲ್ಲುಗಾಲಿಗಳನ್ನು ಜೋಡಿಸಿದರೆ ಕೊನೆಯ ಅಚ್ಚು ನಿಮಿಷಕ್ಕೆ ೨೦ ಸುತ್ತು, ಅಂದರೆ ಸೆಕೆಂಡಿಗೆ ೧೨೦ ಅಂಶ ತಿರುಗುತ್ತದೆ. ವೇಗ ತಗ್ಗಿದಷ್ಟೂ ತಿರುಚುವ ಬಲ ಹೆಚ್ಚುತ್ತದೆ; ಘರ್ಷಣೆ ನುಂಗುವ ಪಾಲನ್ನು ಕಳೆದರೂ ನೂರು ಪಟ್ಟಿಗೆ ಮಿಕ್ಕ ಬಲ ಕೈಗೆ ಬರುತ್ತದೆ. ಹಾಳಾದ ಪ್ರಿಂಟರು, ಆಟಿಗೆಗಳಲ್ಲಿ ಹಲ್ಲುಗಾಲಿಗಳಿಗೆ ಬರವಿಲ್ಲ.

ಗುಜರಿಯಲ್ಲಿ ದೊರೆಯುವ ಮೋಟಾರುಗಳೆಲ್ಲ ಒಂದೇ ಸ್ವಭಾವದವಲ್ಲ. ಟೇಪ್ ರೆಕಾರ್ಡರಿನ ಮೋಟಾರು ನೋಡಲು ಚೆಲುವ, ಸದ್ದು ಮಾಡದವನು, ಆದರೆ ಹಟಮಾರಿ. ಹಾಡಿನ ಶ್ರುತಿ ಕೆಡದಂತೆ ಟೇಪು ಒಂದೇ ವೇಗದಲ್ಲಿ ಓಡಬೇಕಲ್ಲವೇ? ಅದಕ್ಕಾಗಿ ಅವನ ಹೊಟ್ಟೆಯೊಳಗೆ ವೇಗವನ್ನು ಕಾಯುವ ಒಂದು ಏರ್ಪಾಡು ಇರುತ್ತದೆ. ಹಳೆಯವುಗಳಲ್ಲಿ ವೇಗ ಮಿತಿಮೀರಿದಾಗ ಹೊರಕ್ಕೆ ಸಿಡಿದು ಸಂಪರ್ಕ ಕಡಿಯುವ ಪುಟ್ಟ ತೂಕ, ಅನಂತರದವುಗಳಲ್ಲಿ ಬಿಲ್ಲೆಯಂಥ ಒಂದು ಎಲೆಕ್ಟ್ರಾನಿಕ್ ಹಲಗೆ. ಜೇಮ್ಸ್ ವಾಟ್ ೧೭೮೮ರಲ್ಲಿ ತನ್ನ ಉಗಿಯಂತ್ರಕ್ಕೆ ತೊಡಿಸಿದ ತಿರುಗುವ ಗುಂಡುಗಳ ಗವರ್ನರನ ಮರಿಮಗು ಅದು. ಅದನ್ನು ಹಾಗೆಯೇ ಬಿಟ್ಟರೆ ಮೋಟಾರು ನಾವು ಹೇಳಿದಂತೆ ನಿಧಾನಿಸದು. ಎಲೆಕ್ಟ್ರಾನಿಕ್ ಹಲಗೆಯಿದ್ದರೆ ಹಿಮ್ಮುಖವಾಗಿಯೂ ತಿರುಗದು. ಹಿಂಬದಿಯ ಮುಚ್ಚಳ ತೆಗೆದು, ಆ ಕಾವಲುಗಾರನನ್ನು ಬಿಡಿಸಿ, ಸುರುಳಿಗೆ ಹೋಗುವ ತಂತಿಗಳನ್ನು ನೇರವಾಗಿ ಹೊರಗೆ ತರಬೇಕು.

ಜೀಪಿನ ವೈಪರ್ ಮೋಟಾರು ಇದಕ್ಕೆ ತೀರ ವಿರುದ್ಧ. ಒರಟ, ಭಾರದವ, ೧೨ ವೋಲ್ಟಿನವ. ಆದರೆ ಎಂಥ ಬಲಶಾಲಿ! ಅದರ ಒಳಗೆ ಸುರುಳಿ ಮೊಳೆಯಂಥ ಹಲ್ಲು, ವರ್ಮ್ ಗೇರು, ಇದೆ. ಮೋಟಾರು ಅಚ್ಚನ್ನು ತಿರುಗಿಸಬಲ್ಲದು, ಹೊರಗಿನಿಂದ ಅಚ್ಚನ್ನು ಹಿಡಿದು ಮೋಟಾರನ್ನು ತಿರುಗಿಸುವುದು ಬಹುಮಟ್ಟಿಗೆ ಆಗದ ಮಾತು. ಆದುದರಿಂದ ವಿದ್ಯುತ್ತು ಹೋದರೂ ತಾನು ನಿಂತ ನೆಲೆಯನ್ನು ಅದು ಬಿಡುವುದಿಲ್ಲ. ಅಷ್ಟು ಬಲದ ಸರ್ವೋವನ್ನು ಹೊಸದಾಗಿ ಕೊಳ್ಳಹೋದರೆ ಸಾವಿರಾರು ರೂಪಾಯಿ ಬೇಕು. ಎರಡು ಎಚ್ಚರಿಕೆಗಳು ಮಾತ್ರ ಅವಶ್ಯ. ಹಲವು ವೈಪರ್ ಮೋಟಾರುಗಳಲ್ಲಿ ಲೋಹದ ಕವಚವೇ ಒಂದು ತಂತಿಯ ಕೆಲಸ ಮಾಡುತ್ತದೆ. ಎರಡೂ ಕಡೆಗೆ ತಿರುಗಿಸಬೇಕಾದರೆ ಆ ಸಂಬಂಧ ಕಡಿದು ಬೇರೆ ತಂತಿ ಎಳೆಯಬೇಕು. ಎರಡನೆಯದಾಗಿ, ಯಾವುದಾದರೂ ಅಡ್ಡಿಗೆ ಸಿಕ್ಕಿ ನಿಂತಾಗ ಅದು ಹತ್ತಿಪ್ಪತ್ತು ಆಂಪಿಯರು ವಿದ್ಯುತ್ತನ್ನು ಎಳೆದುಕೊಂಡೀತು. ಇದಕ್ಕೆ ಕಾರಣವಿದೆ. ತಿರುಗುತ್ತಿರುವ ಮೋಟಾರು ತಾನೇ ಒಂದು ಡೈನಮೋ ಕೂಡ ಆಗಿ, ಬರುವ ವಿದ್ಯುತ್ತಿಗೆ ಎದುರು ಒತ್ತುತ್ತಿರುತ್ತದೆ. ನಿಂತಾಗ ಆ ಎದುರೊತ್ತು ಇಲ್ಲವಾಗಿ ಪ್ರವಾಹವೆಲ್ಲ ಒಳನುಗ್ಗುತ್ತದೆ, ಸುರುಳಿ ಕಮರುತ್ತದೆ. ಮಕ್ಕಳಿಗೆ ಈ ಡೈನಮೋ ಗುಣವನ್ನು ತೋರಿಸುವುದು ಸುಲಭ. ಎರಡು ಸಣ್ಣ ಮೋಟಾರುಗಳ ತಂತಿಗಳನ್ನು ಒಂದಕ್ಕೊಂದು ಜೋಡಿಸಿ, ಒಂದರ ಅಚ್ಚಿಗೆ ದಾರ ಸುತ್ತಿ ಸೆಳೆದರೆ ಇನ್ನೊಂದು ತಾನಾಗಿ ಕದಲುತ್ತದೆ. ಗುಜರಿ ಮೋಟಾರು ಜೀವಂತವಾಗಿದೆಯೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಿಧಿ ಮಸಿ ಚಿಮ್ಮುವ ಪ್ರಿಂಟರಿನಲ್ಲಿದೆ. ಅದರ ಮಸಿಯ ತಲೆ ಅತ್ತಿಂದಿತ್ತ ಓಡಾಡುವ ದಾರಿಯಲ್ಲಿ ಪಾರದರ್ಶಕವಾದ ಒಂದು ಕಿರಿದಾದ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತದೆ. ಬೆಳಕಿಗೆ ಹಿಡಿದರೆ ಮಂಜು ಕವಿದಂತೆ ಕಾಣುವ ಆ ಪಟ್ಟಿಯ ಮೇಲೆ ಅಂಗುಲಕ್ಕೆ ನೂರೈವತ್ತು, ನೂರೆಂಬತ್ತು ಕಪ್ಪುಗೆರೆಗಳಿರುತ್ತವೆ. ತಲೆಯ ಬೆನ್ನಿಗಿರುವ ಬೆಳಕಿನ ಕಣ್ಣು ಆ ಗೆರೆಗಳನ್ನು ಎಣಿಸುತ್ತ ಓಡುತ್ತದೆ. ಕಣ್ಣುಗಳು ಎರಡು; ಒಂದರಿಂದ ಇನ್ನೊಂದು ಗೆರೆಯ ಕಾಲುಭಾಗದಷ್ಟು ಸರಿದು ಕುಳಿತಿರುತ್ತದೆ. ಯಾವ ಕಣ್ಣು ಮೊದಲು ಕತ್ತಲೆ ಕಂಡಿತೆಂಬುದರಿಂದ ಓಟ ಎಡಕ್ಕೋ ಬಲಕ್ಕೋ ಎಂದು ತಿಳಿಯುತ್ತದೆ. ೧೫೦ ಗೆರೆಗಳಿಂದ ಹೀಗೆ ಅಂಗುಲಕ್ಕೆ ೬೦೦ ಎಣಿಕೆ ದೊರೆಯುತ್ತದೆ. ಇಂಥ ಸೂಕ್ಷ್ಮವಾದ ಕಣ್ಣನ್ನು ಮೋಟಾರಿನ ಸಮೇತ ನಾವು ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದೇವೆ ಎಂಬುದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಣ್ಣಾಯಿತು, ಬಲವಾಯಿತು, ಇನ್ನು ಬುದ್ಧಿ. ಕೈಯಲ್ಲಿ ಹಿಡಿದ ಇನ್ನೊಂದು ಗುಂಡಿ ‘ಇಷ್ಟು ಬೇಕು’ ಎನ್ನುತ್ತದೆ, ಅಚ್ಚಿನ ಮೇಲಿನ ಗುಂಡಿ ‘ಇಷ್ಟಿದೆ’ ಎನ್ನುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದು, ಉಳಿದ ಅಂತರವನ್ನು ವರ್ಧಿಸಿ ಮೋಟಾರಿಗೆ ಕೊಡಬೇಕು. ಹಿಂದೆ ಇದನ್ನು ೭೪೧ ಎಂಬ ಸಂಖ್ಯೆಯ ಚಿಪ್ಪು ಮತ್ತು ಒಂದೆರಡು ಟ್ರಾನ್ಸಿಸ್ಟರುಗಳಿಂದ ಮಾಡುತ್ತಿದ್ದರು, ಈಗಲೂ ಮಾಡಬಹುದು. ೨೦೦೫ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಎಂಬ ಅಂಗೈಯಗಲದ ಹಲಗೆ ಬಂದ ಮೇಲೆ ಈ ಕಳೆಯುವ ಲೆಕ್ಕವನ್ನು ಹತ್ತಾರು ಸಾಲುಗಳಲ್ಲಿ ಬರೆದು ಕೊಡುವುದು ರೂಢಿಯಾಗಿದೆ. ಆ ಹಲಗೆ ಮತ್ತು ಮೋಟಾರಿನ ನಡುವೆ, ನಾಲ್ಕು ಸ್ವಿಚ್ಚುಗಳನ್ನು ‘ಎಚ್’ ಅಕ್ಷರದ ಆಕಾರದಲ್ಲಿ ಕೂಡಿಸಿದ ಒಂದು ವಿದ್ಯುನ್ಮಂಡಲ ಇರಬೇಕು; ಅದು ವಿದ್ಯುತ್ತಿನ ದಿಕ್ಕನ್ನು ಬದಲಿಸಿ ಮೋಟಾರನ್ನು ಹಿಂದೆ ಮುಂದೆ ತಿರುಗಿಸುತ್ತದೆ. ಎಲ್ ೨೯೩ ಡಿ ಎಂಬ ಅಗ್ಗದ ಚಿಪ್ಪು ಅರ್ಧ ಆಂಪಿಯರಿಗೆ ತುಸು ಹೆಚ್ಚು ತಾಳಬಲ್ಲದು. ಆಟಿಗೆಯ ಮೋಟಾರಿಗೆ ಸಾಕು, ವೈಪರ್ ಮೋಟಾರಿಗೆ ಕಟ್ಟಿದರೆ ಹೊಗೆ ಖಂಡಿತ.

ಇಲ್ಲಿಂದ ಮುಂದೆ ಹದದ ಮಾತು. ನಾನು ಚಿತ್ರ ತೋರಿಸಲಾರೆ. ಆದರೆ ಬಾನುಲಿಗೆ ಒಪ್ಪುವಂತೆ ಈ ಹದವನ್ನು ಕಿವಿಯಿಂದಲೇ ತಿಳಿಯಬಹುದು. ಮೊದಲ ಸಲ ತಂತಿ ಜೋಡಿಸಿದಾಗ ಮೋಟಾರು ‘ಗ್ರ್‌ರ್’ ಎಂದು ಒಂದೇ ಕಡೆಗೆ ಓಡಿ ಕೊನೆಗೆ ಬಡಿದು ಅರಚಿದರೆ, ವರದಿ ತಲೆಕೆಳಗಾಗಿದೆ ಎಂದರ್ಥ. ಅಂತರವನ್ನು ಕುಗ್ಗಿಸುವ ಬದಲು ಅದು ಹಿಗ್ಗಿಸುತ್ತಿದೆ. ಹೊಗಳುಭಟ್ಟರ ನಡುವೆ ಕುಳಿತ ಅರಸನ ಪಾಡು ಅದರದು. ಕೂಡಲೇ ವಿದ್ಯುತ್ತು ಕಡಿದು ಗುಂಡಿಯ ಎರಡು ತುದಿಗಳನ್ನು ಅದಲುಬದಲು ಮಾಡಬೇಕು. ‘ಝುಂ’ ಎಂದು ಹೊರಟು ಗುರಿಗಿಂತ ತುಸು ಹಿಂದೆಯೇ ಸಣ್ಣಗೆ ಕೊರಗುತ್ತ ನಿಂತರೆ, ಅಂತರ ಕಿರಿದಾಗಿ ಅದನ್ನು ವರ್ಧಿಸಿದ ಬಲ ಘರ್ಷಣೆಯನ್ನು ಮೀರಲು ಸಾಲುತ್ತಿಲ್ಲ. ಬಲ ಹೆಚ್ಚಿಸಿದಿರೋ, ಗುರಿಯನ್ನು ದಾಟಿ ಹೋಗುತ್ತದೆ, ಹಿಂದಿರುಗುತ್ತದೆ, ಮತ್ತೆ ದಾಟುತ್ತದೆ: ಝುಂ, ಝುಂ, ಝುಂ. ಈ ಓಲಾಟಕ್ಕೆ ಇಂಗ್ಲಿಷ್ ಇಂಜಿನಿಯರುಗಳು ‘ಹಂಟಿಂಗ್’, ಬೇಟೆ, ಎಂದು ಹೆಸರಿಟ್ಟಿದ್ದಾರೆ.

ಬಂಡಿ ಹೊಡೆಯುವವನು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾನೆ. ಮನೆ ದೂರವಿರುವಾಗ ಎತ್ತುಗಳನ್ನು ಓಡಿಸುತ್ತಾನೆ, ಹತ್ತಿರವಾದಂತೆ ನಿಧಾನಿಸುತ್ತಾನೆ. ಇದು ಅಂತರಕ್ಕೆ ತಕ್ಕ ಬಲ. ದಾರಿ ಇಳಿಜಾರಾಗಿದ್ದು ಬಂಡಿಯ ರಭಸ ಏರುತ್ತಿದ್ದರೆ, ಮನೆ ಇನ್ನೂ ದೂರವಿದ್ದರೂ ಹಗ್ಗ ಜಗ್ಗುತ್ತಾನೆ. ಇದು ವೇಗವನ್ನು ನೋಡಿ ಹಾಕುವ ಲಗಾಮು. ಅಂಗಳದ ಹತ್ತಿರವೇ ಗಾಲಿ ಕೆಸರಿನಲ್ಲಿ ಹೂತು ನಾಲ್ಕು ಮಾರು ಉಳಿದುಹೋದರೆ, ‘ನಾಲ್ಕೇ ಮಾರು, ಇರಲಿ’ ಎಂದು ಬಿಡುವುದಿಲ್ಲ. ಹೊತ್ತು ಹೋದಂತೆ ಹೆಚ್ಚು ಹೆಚ್ಚು ಬಲ ಹಾಕಿಸುತ್ತಾನೆ. ಇದು ಉಳಿಕೆಯನ್ನು ಕೂಡಿಟ್ಟುಕೊಂಡು ಬರುವ ನೆನಪು. ಮಿನೋರ್ಸ್ಕಿ ಚುಕ್ಕಾಣಿಗರಲ್ಲಿ ಕಂಡುದೂ ಈ ಮೂರನ್ನೇ. ಇಂದು ಲೋಕದ ಕಾರ್ಖಾನೆಗಳಲ್ಲೆಲ್ಲ ‘ಪಿ.ಐ.ಡಿ.’ ಎಂಬ ಮೂರಕ್ಷರಗಳಿಂದ ನಡೆಯುತ್ತಿರುವ ವಿದ್ಯೆ ಇದು.

ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಒಂಬತ್ತು ಗ್ರಾಂ ತೂಗುವ ಸಿದ್ಧ ಸರ್ವೋ ಸಿಗುವಾಗ ಇಷ್ಟೆಲ್ಲ ಪಾಡು ಏಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸಾಧುವಾದುದೇ. ಹಾರುವ ಆಟಿಗೆಯ ವಿಮಾನ ಮಾಡುವವನು ಅದನ್ನೇ ಕೊಳ್ಳಲಿ. ವೈಪರ್ ಮೋಟಾರು ಹೊತ್ತು ವಿಮಾನ ಏಳುವುದಿಲ್ಲ. ಸೆಕೆಂಡಿಗೆ ೫೦ ಸಲ ಒಂದು ಮಿಡಿತವನ್ನು ಕಳಿಸಬೇಕು. ಮಿಡಿತ ಒಂದು ಮಿಲಿಸೆಕೆಂಡು ಉದ್ದವಿದ್ದರೆ ಒಂದು ಕೊನೆ, ಎರಡಿದ್ದರೆ ಇನ್ನೊಂದು ಕೊನೆ, ಒಂದೂವರೆಯಿದ್ದರೆ ನಡು. ಅಷ್ಟೇ. ಆದರೆ ಆ ನೀಲಿ ಡಬ್ಬಿಯೊಳಗೆ ಇರುವುದೂ ಒಂದು ಪುಟ್ಟ ಡಿ.ಸಿ. ಮೋಟಾರು, ನಾಲ್ಕಾರು ಹಲ್ಲುಗಾಲಿ, ಒಂದು ಗುಂಡಿ, ಒಂದು ಚಿಪ್ಪು ಮಾತ್ರ ಎಂಬುದು ಕೊಂಡ ಹುಡುಗನಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ೯೦ ಎಂದು ಬರೆದ, ತೊಂಬತ್ತಕ್ಕೆ ಹೋಯಿತು. ನಡುವೆ ನಡೆದ ಹುಡುಕಾಟ, ಓಲಾಟ, ತಿದ್ದುಪಾಟು ಯಾವುದೂ ಅವನ ಕಿವಿಗೆ ಬೀಳಲಿಲ್ಲ.

ಈ ಮಾತನ್ನು ನಾನು ಬೆಳಗಾವಿಯ ಸೀಮೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವುಂಟು. ಇಲ್ಲಿಯ ಯಂತ್ರೋದ್ಯಮದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರ ಜೂನ್ ತಿಂಗಳಲ್ಲಿ ಹುಟ್ಟಿದವರು. ೧೮೮೮ರಲ್ಲಿ ಅವರು ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದುದು ಆಮೇಲೆ. ೧೯೧೦ರಲ್ಲಿ ಔಂಧ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದುದು ಇನ್ನೂ ಆಮೇಲೆ. ಅವರ ಮನೆತನದ ಹೆಸರಿನ ವಿದ್ಯುತ್ ಮೋಟಾರಿನ ಕಾರ್ಖಾನೆ ೧೯೪೬ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳ ಸಾಲೇ ಇದೆ. ಹತ್ತರಗಿಯಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ವಿಮಾನದ ರೆಕ್ಕೆಯ ಅಂಚನ್ನು ಬಾಗಿಸುವುದೂ ಸರ್ವೋದ ತತ್ತ್ವವೇ. ಈ ಸೀಮೆಯ ದೊಡ್ಡ ಕಾರ್ಖಾನೆಗಳ ಹಿಂದೆ ಬಿಚ್ಚಿ ನೋಡುವ ಸಣ್ಣ ಅಂಗಡಿಗಳಿದ್ದವು. ಬೀಡಿ, ಇಟಗಿಗಳಂಥ ಊರುಗಳಲ್ಲಿ ಈಗ ಒಂದೊಂದಾಗಿ ಬಾಗಿಲು ಹಾಕುತ್ತಿರುವುದು ಅಂಥ ಅಂಗಡಿಗಳೇ: ರೇಡಿಯೋ ರಿಪೇರಿ, ಗಡಿಯಾರ ರಿಪೇರಿ, ಮೋಟಾರು ಸುರುಳಿ ಸುತ್ತುವವರು. ಅವುಗಳ ಜಾಗಕ್ಕೆ ಬಂದ ಮೊಬೈಲ್ ಅಂಗಡಿಯಲ್ಲಿ ಭಾಗ ಬದಲಿಸುತ್ತಾರೆ, ಬಿಚ್ಚುವುದು ಕಡಿಮೆ.

ಬಿಚ್ಚುವ ಉತ್ಸಾಹಕ್ಕೆ ಒಂದು ಎಲ್ಲೆ ಇರಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಹಳೆಯ ಟಿ.ವಿ.ಯ ಚಿತ್ರನಳಿಗೆ, ಮೈಕ್ರೋವೇವ್ ಒಲೆ, ಯು.ಪಿ.ಎಸ್. ಇವುಗಳನ್ನು ಮಕ್ಕಳು ಮುಟ್ಟಬಾರದು. ಒಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ಕೊಲ್ಲುವಷ್ಟು ನಿಂತಿರಬಲ್ಲದು. ಪ್ರಿಂಟರಿನ ವಿದ್ಯುತ್ ಪೂರೈಕೆಯ ಭಾಗವನ್ನೂ ಹಾಗೆಯೇ ಬದಿಗಿಡುವುದು ಒಳ್ಳೆಯದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಲೇಬಾರದು. ತಾಮ್ರಕ್ಕಾಗಿ ತಂತಿಗಳನ್ನು ಸುಡುವ ಕೆಟ್ಟ ರೂಢಿಯಿಂದ ಏಳುವ ಹೊಗೆ ಸುಡುವವನ ಎದೆಗೇ ಮೊದಲು ಹೋಗುತ್ತದೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕೆನ್ನುತ್ತವೆ; ಮೋಟಾರು, ಹಲ್ಲುಗಾಲಿ ತೆಗೆದುಕೊಂಡು ಉಳಿದ ಹಲಗೆ, ಬ್ಯಾಟರಿಗಳನ್ನು ಆ ದಾರಿಗೇ ಬಿಡಬೇಕು.

ಕೆಲವು ಕಾಲದ ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ ಬೀಡಿಯ ಕಡೆಯ ಒಬ್ಬ ಹುಡುಗ, ಒಂಬತ್ತನೆಯ ಇಯತ್ತೆಯವನು, ಮಲಪ್ರಭೆಯ ಕಾಲುವೆಯ ಬಾಗಿಲಿನ ಮಾದರಿಯನ್ನಿಟ್ಟಿದ್ದ. ಮಲಪ್ರಭೆ ಹುಟ್ಟುವುದು ನಮ್ಮ ತಾಲ್ಲೂಕಿನ ಕಣಕುಂಬಿಯಲ್ಲಿ. ಕಟ್ಟೆ ಕಟ್ಟಿ ಕಾಲುವೆ ತೆಗೆದುದು ದೂರದ ನವಿಲುತೀರ್ಥದಲ್ಲಿ. ಹುಡುಗನ ಮಾದರಿಯಲ್ಲಿ ಗುಂಡಿಯನ್ನು ಎಷ್ಟು ತಿರುಗಿಸಿದರೆ ತಗಡಿನ ಬಾಗಿಲು ಅಷ್ಟೇ ಏರಿ ನಿಲ್ಲಬೇಕು. ಪ್ರಿಂಟರಿನ ಮೋಟಾರು, ಆಟಿಗೆಯ ಹಲ್ಲುಗಾಲಿ, ರೇಡಿಯೋದಿಂದ ತೆಗೆದ ಗುಂಡಿ. ಬಾಗಿಲು ಏರಿತು, ಗೆರೆಯ ಬಳಿ ಬಂದು ನಡುಗತೊಡಗಿತು. ತೀರ್ಪುಗಾರರೊಬ್ಬರು ಬಗ್ಗಿ ನೋಡಿ, “ಇದ್ಯಾಕ ಹಿಂಗ ನಡಗತೈತಿ ತಮ್ಮಾ? ಕೆಟ್ಟೈತೇನು?” ಎಂದರು. ಹುಡುಗ, “ಕೆಟ್ಟಿಲ್ರೀ ಸರ, ಅದು ಹುಡಕಾಕತ್ತೈತ್ರಿ” ಎಂದ. ಅವರು ನಕ್ಕು ಮುಂದೆ ಹೋದರು. ಬಹುಮಾನ ಪಕ್ಕದ ಮೇಜಿನ ಮೇಲೆ ನಡುಗದೆ ಕೈಯೆತ್ತಿ ನಮಸ್ಕರಿಸುತ್ತಿದ್ದ ಗೊಂಬೆಗೆ ಹೋಯಿತು. ಅದರ ತೋಳುಗಳಲ್ಲಿದ್ದುದು ಕೊಂಡು ತಂದ ಎರಡು ಡಬ್ಬಿಗಳು. ತೀರ್ಪನ್ನು ನಾನು ಅನ್ಯಾಯವೆನ್ನುವುದಿಲ್ಲ, ಗೊಂಬೆ ಅಂದವಾಗಿಯೇ ಇತ್ತು. ಆದರೆ ‘ಹಂಟಿಂಗ್’ ಎಂಬ ಶಬ್ದವನ್ನು ಎಂದೂ ಕೇಳಿರದ ಆ ಹುಡುಗ, ಬೇಟೆ ಎಂಬುದಕ್ಕಿಂತ ಸರಿಯಾದ ಮಾತನ್ನು ತನ್ನ ಬಾಯಿಂದ ಅಲ್ಲಿಯೇ ಹುಟ್ಟಿಸಿದ್ದ. ಅದನ್ನು ಬರೆದುಕೊಳ್ಳುವ ಅಂಕಣ ತೀರ್ಪುಗಾರರ ಹಾಳೆಯಲ್ಲಿ ಇರಲಿಲ್ಲ.

ನಡುಕದ ಕಾರಣವನ್ನು ಅವನು ಆಮೇಲೆ ತಾನೇ ಕಂಡುಕೊಂಡ. ದೋಷ ಲೆಕ್ಕದಲ್ಲಿರಲಿಲ್ಲ, ಹಲ್ಲುಗಾಲಿಗಳ ಸಡಿಲಿನಲ್ಲಿತ್ತು. ಒಂದು ಹಲ್ಲು ಇನ್ನೊಂದನ್ನು ಮುಟ್ಟುವ ಮೊದಲು ಕೂದಲೆಳೆಯಷ್ಟು ಬರಿದೇ ತಿರುಗುತ್ತದೆ. ಆ ಎಡೆಯಲ್ಲಿ ಮೋಟಾರು ತಿರುಗಿದರೂ ಬಾಗಿಲು ಕದಲದು, ಕದಲಿದಾಗ ಹೆಚ್ಚೇ ಕದಲುತ್ತದೆ. ಸೈಕಲ್ಲಿನ ಹಳೆಯ ಟ್ಯೂಬಿನಿಂದ ಒಂದು ಸಪೂರ ಪಟ್ಟಿ ಕತ್ತರಿಸಿ, ಬಾಗಿಲನ್ನು ಸದಾ ಒಂದೇ ಕಡೆಗೆ ಎಳೆದು ಹಿಡಿಯುವಂತೆ ಕಟ್ಟಿದ. ಹಲ್ಲುಗಳು ಒಂದೇ ಮಗ್ಗುಲಿಗೆ ಒರಗಿದವು. ಅಂತರ ಒಂದು ಅಂಶಕ್ಕಿಂತ ಕಡಿಮೆಯಾದರೆ ಮೋಟಾರಿಗೆ ವಿದ್ಯುತ್ತು ಕೊಡಬೇಡ ಎಂದು ಹಲಗೆಗೆ ಇನ್ನೊಂದು ಸಾಲು ಬರೆದ. ಈಗ ಬಾಗಿಲು ಗೆರೆಗೆ ಬಂದು ಸದ್ದಿಲ್ಲದೆ ನಿಲ್ಲುತ್ತದೆ. ಮುಂದಿನ ಮಾದರಿಗೆ ಅವನಿಗೆ ವೈಪರ್ ಮೋಟಾರು ಬೇಕಾಗಿದೆ. ಬೀಡಿಯ ಗುಜರಿ ಅಂಗಡಿಯವರು ಒಂದನ್ನು ತಕ್ಕಡಿಗೆ ಹಾಕದೆ ಮಾಡಿನ ಕೆಳಗೆ ತೆಗೆದಿರಿಸಿದ್ದಾರೆ.